ಹೆಸರಿಗೆ ಮಾತ್ರ ನದಿ

ನ್ಯೂಯಾರ್ಕ್ ನಗರದ ಚಿತ್ರವನ್ನು ತಾವು ಎಲ್ಲಿಯಾದರೂ ನೋಡಿರುತ್ತೀರಿ. ಗೋಡೆಯ ಕ್ಯಾಲೆಂಡರಿನಲ್ಲೋ, ಆ ಕಡೆ ಕೆಲಸಕ್ಕೆಂದು ಹೋದ ಬಂಧುಗಳು ಕಳುಹಿಸಿದ ಫೋಟೋದಲ್ಲೋ ಕಂಡಿರಬಹುದು: ಎತ್ತರದ ಕಲ್ಲಿನ ಗೋಪುರಗಳ ನಡುವೆ ಒಂದು ತೂಗುಸೇತುವೆ, ಅದರ ಕೆಳಗೆ ಅಗಲವಾದ ನೀರು, ಆಚೆಯ ದಡದಲ್ಲಿ ಮುಗಿಲು ಮುಟ್ಟುವ ಕಟ್ಟಡಗಳ ಸಾಲು. ಆ ಸೇತುವೆಯೇ 1883ರಲ್ಲಿ ಸಂಚಾರಕ್ಕೆ ತೆರೆದ ಬ್ರೂಕ್ಲಿನ್ ಸೇತುವೆ. ಅದರ ಕೆಳಗಿನ ನೀರಿಗೆ 'ಈಸ್ಟ್ ರಿವರ್' ಎಂದು ಹೆಸರು; ನಮ್ಮ ಮಾತಿನಲ್ಲಿ ಹೇಳುವುದಾದರೆ ಪೂರ್ವ ನದಿ. ವಿಶ್ವಸಂಸ್ಥೆಯ ಕೇಂದ್ರ ಕಚೇರಿ ನಿಂತಿರುವುದೂ ಇದರ ದಡದಲ್ಲಿಯೇ. ಜಗತ್ತಿನ ಪ್ರಸಿದ್ಧ ನದಿಗಳಲ್ಲಿ ಇದೂ ಒಂದೆಂದು ಅನೇಕರು ತಿಳಿದಿದ್ದಾರೆ. ಆದರೆ ಅದು ನದಿಯೇ ಅಲ್ಲ.

ನದಿ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಎಲ್ಲರಿಗೂ ಗೊತ್ತು. ಎಲ್ಲೋ ಒಂದು ಬೆಟ್ಟದಲ್ಲಿ ಹುಟ್ಟಿ, ಹಳ್ಳಕೊಳ್ಳಗಳನ್ನು ಕೂಡಿಸಿಕೊಂಡು, ಇಳಿಜಾರನ್ನು ಹಿಡಿದು ಹರಿದು, ಕಡೆಗೆ ಕಡಲನ್ನು ಸೇರುವ ಸಿಹಿನೀರು. ಈಸ್ಟ್ ರಿವರಿಗೆ ಹುಟ್ಟಿದ ಬೆಟ್ಟವಿಲ್ಲ, ಇಳಿಯುವ ಇಳಿಜಾರಿಲ್ಲ, ಅದರ ನೀರು ಉಪ್ಪು. ಸುಮಾರು 16 ಮೈಲಿ ಉದ್ದದ ಈ ನೀರಿನ ದಕ್ಷಿಣದ ತುದಿಯಲ್ಲಿ ನ್ಯೂಯಾರ್ಕ್ ಕೊಲ್ಲಿ, ಮತ್ತೊಂದು ತುದಿಯಲ್ಲಿ ಲಾಂಗ್ ಐಲೆಂಡ್ ಸೌಂಡ್ ಎಂಬ ಕಡಲ ತೋಳು. ಎರಡು ತುದಿಗಳಲ್ಲಿಯೂ ಸಮುದ್ರವೇ. ಭಾರತಕ್ಕೂ ಶ್ರೀಲಂಕೆಗೂ ನಡುವೆ ಇರುವ ಪಾಕ್ ಜಲಸಂಧಿಯ ವಿಷಯವನ್ನು ನಾವು ಶಾಲೆಯಲ್ಲಿ ಓದಿದ್ದೇವಲ್ಲ, ಇದೂ ಆ ಜಾತಿಯದೇ, ತೀರ ಕಿರಿದಾದ ಒಂದು ಜಲಸಂಧಿ. ಹಿಮಯುಗದ ನೀರ್ಗಲ್ಲುಗಳು ಕರಗಿ ಹಿಂದೆ ಸರಿದಾಗ, ಸುಮಾರು 11,000 ವರ್ಷಗಳ ಹಿಂದೆ, ಇದು ರೂಪುಗೊಂಡಿತು. ಸುಮಾರು ಆರು ಗಂಟೆಗಳ ಕಾಲ ಒಂದು ದಿಕ್ಕಿಗೆ ಹರಿದ ನೀರು ತುಸು ನಿಂತು, ಬಳಿಕ ಅಷ್ಟೇ ಹೊತ್ತು ವಿರುದ್ಧ ದಿಕ್ಕಿಗೆ ಹರಿಯುತ್ತದೆ. ನಮ್ಮ ಕರಾವಳಿಯ ಓದುಗರಿಗೆ ಅಳಿವೆಯ ಉಬ್ಬರವಿಳಿತಗಳು ಹೊಸತಲ್ಲ. ಆದರೆ ಅಳಿವೆಯ ಹಿಂದೆ ಒಂದು ನದಿ ಇರುತ್ತದೆ. ಇಲ್ಲಿ ಅದೂ ಇಲ್ಲ. ಇದರೊಡನೆ ಬಂದು ಕೂಡುವ ಹಾರ್ಲೆಮ್ ನದಿಯೂ ಹೆಸರಿಗೆ ನದಿ, ನಿಜದಲ್ಲಿ ಜಲಸಂಧಿ. ಇದನ್ನು ಸೇರುವ ಬ್ರಾಂಕ್ಸ್ ನದಿಯೊಂದು ಮಾತ್ರ ಆ ಹೆಸರಿಗೆ ತಕ್ಕದ್ದು.

ಇನ್ನು 'ಪೂರ್ವ' ಎಂಬ ಮಾತು. ಯಾರಿಗೆ ಪೂರ್ವ? ಹದಿನೇಳನೆಯ ಶತಮಾನದಲ್ಲಿ ಮ್ಯಾನ್‌ಹಟನ್ ದ್ವೀಪದ ದಕ್ಷಿಣದ ತುದಿಯಲ್ಲಿ ಊರು ಕಟ್ಟಿಕೊಂಡಿದ್ದ ಡಚ್ಚರಿಗೆ ಅದು ಪೂರ್ವ. ಬ್ರೂಕ್ಲಿನ್ನಿನ ದಡದಲ್ಲಿ ವಾಸಿಸುವವನಿಗೆ ಅದೇ ನೀರಿನ ಮೇಲೆ ಸೂರ್ಯ ಮುಳುಗುತ್ತಾನೆ. ಅವನೂ ಅದನ್ನು ಪೂರ್ವ ನದಿಯೆಂದೇ ಕರೆಯುತ್ತಾನೆ. ಡಚ್ಚರು ತಮ್ಮ ಊರಿನ ಪಶ್ಚಿಮಕ್ಕಿದ್ದ ಹಡ್ಸನ್ ನದಿಯನ್ನು 'ಉತ್ತರ ನದಿ' ಎಂದು ಕರೆದರು, ದಕ್ಷಿಣದ ಕಡೆಗೆ ದೂರದಲ್ಲಿದ್ದ ಡೆಲವೇರ್ ನದಿಯನ್ನು 'ದಕ್ಷಿಣ ನದಿ' ಎಂದರು. ಆ ನೆಲದ ಮೂಲನಿವಾಸಿಗಳು ಹಡ್ಸನ್ನಿಗೆ ಇಟ್ಟಿದ್ದ ಹೆಸರಿನ ಅರ್ಥ ಎರಡೂ ಕಡೆಗೆ ಹರಿಯುವ ನೀರು ಎಂದು ಹೇಳುತ್ತಾರೆ. ಕಡಲಿನ ಉಬ್ಬರ ಹಡ್ಸನ್ನಿನಲ್ಲಿ ಸುಮಾರು 150 ಮೈಲಿ ಒಳಗಿನ ಟ್ರಾಯ್ ಪಟ್ಟಣದವರೆಗೆ ಏರುವುದರಿಂದ ಆ ಹೆಸರು ಅಕ್ಷರಶಃ ಸತ್ಯ. ಅವರು ನೀರನ್ನು ನೋಡಿ ಹೆಸರಿಟ್ಟರು. ಬಂದವರು ತಾವು ನಿಂತ ಜಾಗವನ್ನು ನೋಡಿ ಹೆಸರಿಟ್ಟರು. ಉಳಿದದ್ದು ಬಂದವರ ರೂಢಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನದಿಯಲ್ಲದ್ದನ್ನು ನದಿಯೆಂದು ದಿನವೂ ಕರೆಯುವ ಆ ಮಹಾನಗರದ ಜನ ಸುಳ್ಳಾಡುತ್ತಿದ್ದಾರೆಯೇ? ನಕ್ಷೆಗಳಲ್ಲಿ ಹಾಗೆಯೇ ಅಚ್ಚಾಗಿದೆ, ಸರಕಾರದ ಕಡತಗಳಲ್ಲಿ ಹಾಗೆಯೇ ಬರೆದಿದೆ. ಮೇಲುನೋಟಕ್ಕೆ ಇದು ಬಾಲಿಶವಾದ ಪ್ರಶ್ನೆಯಂತೆ ತೋರಬಹುದು. ಆದರೆ ಹೆಸರಿಗೂ ಸತ್ಯಕ್ಕೂ ಇರುವ ಸಂಬಂಧವೇನು ಎಂಬುದನ್ನು ಹಿರಿಯರು ಹಗುರವಾಗಿ ಎಣಿಸಲಿಲ್ಲ. ಪ್ಲೇಟೊ 'ಕ್ರಾಟಿಲಸ್' ಎಂಬ ಇಡೀ ಸಂವಾದವನ್ನು ಇದಕ್ಕೆಂದೇ ಬರೆದನು. ರಾಜ್ಯಭಾರ ಕೈಗೆ ಬಂದರೆ ಮೊದಲು ಮಾಡುವ ಕೆಲಸವೇನೆಂದು ಶಿಷ್ಯನು ಕೇಳಿದಾಗ, ಹೆಸರುಗಳನ್ನು ಸರಿಪಡಿಸುವುದು ಎಂದು ಚೀನದ ಕನ್‌ಫ್ಯೂಷಿಯಸ್ ಉತ್ತರಿಸಿದನಂತೆ. ಶಿಷ್ಯನಿಗೆ ಅದು ವಿಚಿತ್ರವೆನಿಸಿತು. ನಮಗೂ ಮೊದಲು ಹಾಗೆಯೇ ಅನಿಸುತ್ತದೆ.

ಸಂತ ಅಗಸ್ಟೀನರು ನಾಲ್ಕನೆಯ ಶತಮಾನದ ಕೊನೆಯಲ್ಲಿ ಸುಳ್ಳಿನ ವಿಷಯವಾಗಿಯೇ ಒಂದು ಗ್ರಂಥವನ್ನು ಬರೆದರು. ಅವರ ವಿಚಾರದ ತಿರುಳು ಇಷ್ಟು: ಆಡಿದ ಮಾತು ನಿಜವಾಗಿಲ್ಲದಿದ್ದರೆ ಅಷ್ಟರಿಂದಲೇ ಅದು ಸುಳ್ಳಾಡಿದಂತೆ ಆಗುವುದಿಲ್ಲ, ಮನಸ್ಸಿನಲ್ಲಿ ಒಂದನ್ನು ಇಟ್ಟುಕೊಂಡು, ಎದುರಿನವನನ್ನು ವಂಚಿಸುವ ಉದ್ದೇಶದಿಂದ ಮತ್ತೊಂದನ್ನು ಆಡುವುದು ಸುಳ್ಳು. ತಪ್ಪು ತಿಳಿದು ತಪ್ಪನ್ನೇ ಹೇಳಿದವನು ಸುಳ್ಳುಗಾರನಲ್ಲ. ಈ ಅಳತೆಯಿಂದ ನ್ಯೂಯಾರ್ಕಿನ ಜನರನ್ನು ನಾವು ನಿಶ್ಚಿಂತೆಯಿಂದ ಬಿಡುಗಡೆ ಮಾಡಬಹುದು. ಜಾನ್ ಸ್ಟುವರ್ಟ್ ಮಿಲ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1843ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಡಾರ್ಟ್‌ಮತ್ ಎಂಬ ಊರು ಡಾರ್ಟ್ ನದಿಯ ಮುಖದಲ್ಲಿರುವುದರಿಂದ ಆ ಹೆಸರನ್ನು ಪಡೆದಿರಬಹುದು. ಆದರೆ ನದಿಯ ಮುಖ ಮರಳು ತುಂಬಿ ಮುಚ್ಚಿಹೋದರೂ, ಭೂಕಂಪದಿಂದ ನದಿಯ ಪಾತ್ರವೇ ದೂರ ಸರಿದರೂ ಊರಿನ ಹೆಸರನ್ನು ಬದಲಿಸಬೇಕಾಗಿಲ್ಲ ಎಂದು ಅವನ ವಾದ. ಅಂಕಿತನಾಮ ಒಂದು ಗುರುತು ಮಾತ್ರ, ಅದು ಏನನ್ನೂ ಸಾರುವುದಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂದು ನಮ್ಮವರು ನಗುತ್ತಾರೆ. ಆದರೆ ಭಟ್ಟರು ಮೋಸ ಮಾಡಿದರೆಂದು ಯಾರೂ ದೂರುವುದಿಲ್ಲ.

ನ್ಯೂಯಾರ್ಕಿನ ನೀರಿನಲ್ಲಿ ಮಿಲ್ಲನ ಮಾತಿಗೆ ಸಾಕ್ಷಿಗಳು ಬೇಕಾದಷ್ಟಿವೆ. ಸ್ಟೇಟನ್ ದ್ವೀಪದ ಹಿಂಬದಿಯಲ್ಲಿ 'ಆರ್ಥರ್ ಕಿಲ್' ಎಂಬ ಕಾಲುವೆಯಿದೆ. ಹೊಸಬರಿಗೆ ಆರ್ಥರನೆಂಬ ಯಾರನ್ನೋ ಅಲ್ಲಿ ಕೊಂದರೇನೋ ಎಂದು ಅನಿಸೀತು. ಡಚ್ ಭಾಷೆಯಲ್ಲಿ 'ಕಿಲ್' ಎಂದರೆ ನೀರಿನ ಕಾಲುವೆ, 'ಆಖ್ಟರ್' ಎಂದರೆ ಹಿಂದಿನ. ಹಿಂದಿನ ಕಾಲುವೆ ಎಂಬುದು ಇಂಗ್ಲಿಷರ ಬಾಯಲ್ಲಿ ಹುಟ್ಟದ ಮನುಷ್ಯನೊಬ್ಬನ ಹೆಸರಾಯಿತು! ಈಸ್ಟ್ ರಿವರಿನ ನಡುವೆಯೇ 'ಹೆಲ್ ಗೇಟ್', ಅಂದರೆ ನರಕದ ಬಾಗಿಲು ಎಂಬ ಇಕ್ಕಟ್ಟಾದ ತಿರುವು ಇದೆ. ಮೂಲದಲ್ಲಿ ಅದು ಡಚ್ಚರ 'ಹೆಲ್ಲೆಗಾಟ್'. ಬೆಳಕಿನ ಕಂಡಿ ಎಂದು ಕೆಲವರು ಅರ್ಥ ಹೇಳುತ್ತಾರೆ, ನರಕದ ಗುಂಡಿ ಎಂದು ಕೆಲವರು. ಬಂಡೆಗಳೂ ಸುಳಿಗಳೂ ತುಂಬಿದ್ದ ಆ ಜಾಗದಲ್ಲಿ ಹಡಗುಗಳು ಒಡೆದುದು ಎಷ್ಟೋ. 1780ರಲ್ಲಿ ಬ್ರಿಟಿಷರ ಹಸ್ಸಾರ್ ಎಂಬ ಯುದ್ಧನೌಕೆ ಅಲ್ಲಿಯೇ ಮುಳುಗಿತು. 1876ರಲ್ಲಿಯೂ 1885ರಲ್ಲಿಯೂ ಅಮೆರಿಕದ ಸೇನೆಯ ಎಂಜಿನಿಯರುಗಳು ಬಂಡೆಗಳೊಳಗೆ ಸುರಂಗ ಕೊರೆದು, ಸಿಡಿಮದ್ದು ತುಂಬಿ ಅವನ್ನು ಪುಡಿ ಮಾಡಿದರು. ಬಂಡೆಗಳು ಹೋದವು, ಹೆಸರು ಉಳಿಯಿತು. ಅದರಿಂದ ಯಾರಿಗೂ ನಷ್ಟವಾಗಿಲ್ಲ. ಆ ನೀರಿನಲ್ಲಿ ನಿಜವಾಗಿ ಕೆಲಸ ಮಾಡುವವರು ಹೆಸರನ್ನು ನಂಬುವುದೇ ಇಲ್ಲ. ಹಡಗು ನಡೆಸುವವನು ಉಬ್ಬರವಿಳಿತದ ಪಟ್ಟಿಯನ್ನು ನೋಡಿಕೊಂಡು ಹೊರಡುತ್ತಾನೆ. ನೀರಿನೊಳಗೆ ಟರ್ಬೈನುಗಳನ್ನು ನಿಲ್ಲಿಸಿ ವಿದ್ಯುತ್ ಪಡೆಯುವ ಪ್ರಯೋಗ 2006ರಿಂದ ಅಲ್ಲಿ ನಡೆಯಿತು. ಎರಡೂ ದಿಕ್ಕಿನ ಹರಿವಿಗೆ ಮುಖ ತಿರುಗಿಸಿಕೊಳ್ಳುವಂತೆ ಅವನ್ನು ರೂಪಿಸಿದ್ದರು. ಇಷ್ಟಾದರೂ ಮೊದಲ ಟರ್ಬೈನುಗಳ ಅಲಗುಗಳು ಹರಿವಿನ ರಭಸಕ್ಕೆ ತಾಳದೆ ಮುರಿದವು. ನೀರು ತನ್ನ ಸ್ವಭಾವವನ್ನು ನಕ್ಷೆ ನೋಡಿ ಕಲಿಯುವುದಿಲ್ಲವಷ್ಟೇ.

ಹಾಗಾದರೆ ಮಿಲ್ಲನ ಮಾತಿನಿಂದ ವಿಷಯ ಮುಗಿಯಿತೇ? ಮುಗಿಯಲಿಲ್ಲ. ಅದೇ ನೀರಿನ ನಡುವೆ ಉದ್ದನೆಯ ಕಿರಿದಾದ ಒಂದು ದ್ವೀಪವಿದೆ. ಬ್ಲ್ಯಾಕ್‌ವೆಲ್ಸ್ ದ್ವೀಪ ಎಂದು ಅದರ ಹಳೆಯ ಹೆಸರು. ನಗರವು ತನಗೆ ಬೇಡವಾದವರನ್ನೆಲ್ಲ ಅಲ್ಲಿಗೆ ದಾಟಿಸುತ್ತಿತ್ತು: ಕೈದಿಗಳು, ಮಾನಸಿಕ ರೋಗಿಗಳು, ಗತಿಯಿಲ್ಲದ ಬಡವರು. 1887ರಲ್ಲಿ ನೆಲ್ಲಿ ಬ್ಲೈ ಎಂಬ ಯುವ ಪತ್ರಕರ್ತೆ ಹುಚ್ಚಿಯಂತೆ ನಟಿಸಿ ಅಲ್ಲಿನ ಆಸ್ಪತ್ರೆಗೆ ಸೇರಿ, ಹತ್ತು ದಿನ ಇದ್ದು, ಅಲ್ಲಿನ ಕ್ರೌರ್ಯವನ್ನು ಲೋಕಕ್ಕೆ ತಿಳಿಸಿದಳು. ದ್ವೀಪದ ಹೆಸರಿಗೆ ಕಳಂಕ ಅಂಟಿಕೊಂಡಿತು. 1921ರಲ್ಲಿ ನಗರವು ಏನು ಮಾಡಿತು ಗೊತ್ತೇ? ಹೆಸರನ್ನು 'ವೆಲ್‌ಫೇರ್ ಐಲೆಂಡ್', ಅಂದರೆ ಕ್ಷೇಮದ್ವೀಪ ಎಂದು ಬದಲಿಸಿತು. ಸೆರೆಮನೆ ಅಲ್ಲಿಯೇ ಉಳಿಯಿತು. 1934ರಲ್ಲಿ ಹೊಸ ಕಾರಾಗೃಹ ಆಯುಕ್ತರು ಹಠಾತ್ತನೆ ದಾಳಿ ನಡೆಸಿದಾಗ, ಬಲಿಷ್ಠ ಕೈದಿಗಳ ಗುಂಪುಗಳು ಸೆರೆಮನೆಯನ್ನೇ ಆಳುತ್ತಿದ್ದುದೂ ಮಾದಕದ್ರವ್ಯಗಳು ಒಳಗೆ ಹರಿದಾಡುತ್ತಿದ್ದುದೂ ಬಯಲಾಯಿತು. ಕ್ಷೇಮದ್ವೀಪವೆಂಬುದೂ ಅಂಕಿತನಾಮವೇ, ಮಿಲ್ಲನ ಲೆಕ್ಕದಲ್ಲಿ ಏನನ್ನೂ ಸಾರದ ಗುರುತು. ಆದರೆ ಅದನ್ನು ಆರಿಸಿದವರು ಏನನ್ನೋ ಸಾರಲೆಂದೇ ಆರಿಸಿದರು. ದಡದ ಮೇಲಿನ ಗೃಹಸ್ಥನು ಕಿಟಕಿಯಿಂದ ನೋಡಿದಾಗ ಅವನ ಮನಸ್ಸು ಕದಡಬಾರದು ಎಂಬುದೇ ಆ ಹೆಸರಿನ ಫಲ. 1973ರಲ್ಲಿ ಅದಕ್ಕೆ ರೂಸ್‌ವೆಲ್ಟ್ ದ್ವೀಪವೆಂಬ ಮೂರನೆಯ ಹೆಸರು ಬಂದಿತು. ಕೈದಿಗಳನ್ನು ಅಷ್ಟು ಹೊತ್ತಿಗಾಗಲೇ ಅದೇ ನೀರಿನ ಮತ್ತೊಂದು ದ್ವೀಪವಾದ ರೈಕರ್ಸಿಗೆ ಸಾಗಿಸಿಯಾಗಿತ್ತು. ಅದನ್ನು ನಡೆಸುವ ಇಲಾಖೆಗೆ 'ತಿದ್ದುವಿಕೆ'ಯ ಇಲಾಖೆ ಎಂಬ ಅರ್ಥದ ಹೆಸರು. ಅಲ್ಲಿರುವವರಲ್ಲಿ ಹೆಚ್ಚಿನವರು ಇನ್ನೂ ವಿಚಾರಣೆಯನ್ನು ಎದುರು ನೋಡುತ್ತಿರುವವರು. ತಪ್ಪು ಮಾಡಿದನೆಂದೇ ಸಿದ್ಧವಾಗದ ಮನುಷ್ಯನಲ್ಲಿ ತಿದ್ದುವುದೇನನ್ನು? ಆ ಸೆರೆಮನೆಗಳನ್ನು ಮುಚ್ಚಬೇಕೆಂದು 2019ರಲ್ಲಿ ನಗರದ ಶಾಸನಸಭೆ ಮತ ಹಾಕಿತು.

ಕನ್‌ಫ್ಯೂಷಿಯಸನ ಉತ್ತರ ಈಗ ಅಷ್ಟು ವಿಚಿತ್ರವಾಗಿ ತೋರುವುದಿಲ್ಲ. ಆದರೆ ನಾನು ಹೇಳಬೇಕೆಂದಿರುವ ಸಂಗತಿ ಇದಕ್ಕಿಂತಲೂ ಗಂಭೀರವಾದುದು, ಮತ್ತು ಅದು ನಮ್ಮಂಥ ಒಂದು ಸಭೆಯ ಕುಟುಂಬಗಳಿಗೆ ಸಂಭವಿಸಿದುದು.

1904ರ ಜೂನ್ 15, ಬುಧವಾರ. ಮ್ಯಾನ್‌ಹಟನ್ನಿನ ಕೆಳಭಾಗದಲ್ಲಿ ಜರ್ಮನ್ ವಲಸಿಗರ ದೊಡ್ಡ ಬಡಾವಣೆಯೊಂದಿತ್ತು. ಅಲ್ಲಿನ ಸಂತ ಮಾರ್ಕರ ಲೂಥರನ್ ದೇವಾಲಯದವರು ಪ್ರತಿವರ್ಷ ಬೇಸಿಗೆಯ ಆರಂಭದಲ್ಲಿ ವನಭೋಜನಕ್ಕೆ ಹೋಗುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಆ ವರ್ಷ 'ಜನರಲ್ ಸ್ಲೋಕಮ್' ಎಂಬ ಉಗಿಹಡಗನ್ನು 350 ಡಾಲರಿಗೆ ಗೊತ್ತುಪಡಿಸಿದರು. ಕೆಲಸದ ದಿನವಾದುದರಿಂದ ಗಂಡಸರು ಹೆಚ್ಚಾಗಿ ಬಂದಿರಲಿಲ್ಲ. ತಾಯಂದಿರು, ಅಜ್ಜಿಯರು, ಮಕ್ಕಳು ಸೇರಿ ಸುಮಾರು 1,350 ಮಂದಿ ಬುತ್ತಿ ಕಟ್ಟಿಕೊಂಡು ಹಡಗನ್ನು ಏರಿದರು. ವಾದ್ಯದವರು ನುಡಿಸುತ್ತಿದ್ದರು. ಹಡಗು ಈಸ್ಟ್ ರಿವರಿನಲ್ಲಿ ಉತ್ತರಕ್ಕೆ ಸಾಗಿ ಹೆಲ್ ಗೇಟಿನ ಕಡೆಗೆ ಬರುತ್ತಿದ್ದಾಗ ಮುಂಭಾಗದ ಕೆಳಗಿನ ಕೋಣೆಯೊಂದರಲ್ಲಿ ಬೆಂಕಿ ಹತ್ತಿತು. ನಾವಿಕರು ಬೆಂಕಿ ಆರಿಸುವ ನೀರಿನ ಕೊಳವೆಯನ್ನು ಬಿಡಿಸಿದರು. ಲಡ್ಡಾಗಿದ್ದ ಬಟ್ಟೆಯ ಕೊಳವೆ ನೀರಿನ ಒತ್ತಡಕ್ಕೆ ಹರಿದುಹೋಯಿತು. ರಕ್ಷಣಾ ದೋಣಿಗಳು ತಂತಿಯಿಂದ ಬಿಗಿದು, ಬಣ್ಣ ಬಳಿದು ಅಂಟಿಹೋಗಿದ್ದವು. ತಾಯಂದಿರು ತಲೆಯ ಮೇಲೆ ತೂಗಿದ್ದ ಜೀವರಕ್ಷಕ ಅಂಗಿಗಳನ್ನು ಕಿತ್ತು ಮಕ್ಕಳಿಗೆ ತೊಡಿಸಿದರು. ಹಡಗು ಕಟ್ಟಿದ 1891ರಿಂದ ಹದಿಮೂರು ವರ್ಷ ಬಿಸಿಲುಗಾಳಿಗೆ ತೂಗಿದ್ದ ಆ ಅಂಗಿಗಳ ಒಳಗಿನ ಬೆಂಡು ಪುಡಿಪುಡಿಯಾಗಿ ತೇಲುವ ಗುಣವನ್ನೇ ಕಳೆದುಕೊಂಡಿತ್ತು. ಮಕ್ಕಳಿಗೆ ಅಂಗಿ ತೊಡಿಸಿ, ಪಟ್ಟಿ ಬಿಗಿದು, ನೀರಿಗೆ ಇಳಿಬಿಟ್ಟ ತಾಯಂದಿರು ಅವರು ಮುಳುಗುವುದನ್ನು ಕಣ್ಣಾರೆ ಕಂಡರು. ಹಡಗು ನಾರ್ತ್ ಬ್ರದರ್ ದ್ವೀಪದ ದಡಕ್ಕೆ ಬಂದು ತಾಗುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಸತ್ತವರ ಅಧಿಕೃತ ಸಂಖ್ಯೆ 1,021. ಸಭಾಪಾಲಕರಾಗಿದ್ದ ಜಾರ್ಜ್ ಹಾಸ್ ಅವರು ಬದುಕಿಕೊಂಡರು. ಅವರ ಪತ್ನಿಯೂ ಮಗಳೂ ತೀರಿಕೊಂಡರು. 2001ರ ಸೆಪ್ಟೆಂಬರ್ 11ರವರೆಗೆ ಆ ನಗರವು ಒಂದೇ ದಿನದಲ್ಲಿ ಇಷ್ಟು ಜೀವಗಳನ್ನು ಕಳೆದುಕೊಂಡದ್ದಿಲ್ಲ.

ದುರಂತಕ್ಕೆ ಐದಾರು ವಾರಗಳ ಮುಂಚೆ, ಮೇ ತಿಂಗಳ ಆರಂಭದಲ್ಲಿ, ಸರಕಾರದ ತಪಾಸಣೆಗಾರರು ಹಡಗನ್ನು ಪರೀಕ್ಷಿಸಿ ಯೋಗ್ಯವಾಗಿದೆಯೆಂದು ಪ್ರಮಾಣಪತ್ರ ಕೊಟ್ಟಿದ್ದರು.

ಓದುಗರೇ, ಇಲ್ಲಿ ತುಸು ನಿಲ್ಲೋಣ. 'ಪೂರ್ವ ನದಿ' ಎಂಬುದು ತಪ್ಪು ಹೆಸರು, 'ಜೀವರಕ್ಷಕ' ಎಂಬುದೂ ತಪ್ಪು ಹೆಸರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಮಗೆ ಮನಸ್ಸು ಬರುವುದಿಲ್ಲ. ಏಕೆ? ಒಂದನ್ನು ನಂಬಿ ಯಾರೂ ಏನನ್ನೂ ಮಾಡುವುದಿಲ್ಲ. ಮತ್ತೊಂದನ್ನು ನಂಬಿ ತಾಯಿಯೊಬ್ಬಳು ಮಗುವನ್ನು ಕೈಬಿಡುತ್ತಾಳೆ. ಜೀವರಕ್ಷಕ ಎಂಬುದು ಗುರುತಲ್ಲ, ಕೊಟ್ಟ ಮಾತು. ತಪಾಸಣೆಯಾಗಿದೆ ಎಂಬುದೂ ಕೊಟ್ಟ ಮಾತೇ. ಹೆಸರು ವಸ್ತುವಿಗೆ ಹೊಂದುತ್ತದೆಯೋ ಇಲ್ಲವೋ ಎಂಬುದಕ್ಕಿಂತ, ಆ ಹೆಸರಿಗೆ ಯಾರು ಮೈಯೊರಗಿಸಿದ್ದಾರೆ ಎಂಬುದನ್ನು ಮೊದಲು ಕೇಳಬೇಕೆಂದು ನನಗೆ ತೋರುತ್ತದೆ. ಕ್ಷೇಮದ್ವೀಪದ ಹೆಸರಿಗೆ ಮೈಯೊರಗಿಸಿ ಸುಖವಾಗಿ ನಿದ್ರಿಸಿದವರು ದಡದ ಮೇಲಿನವರು. ಅದರ ಭಾರವನ್ನು ಹೊತ್ತವರು ಒಳಗಿದ್ದವರು. ಈಸ್ಟ್ ರಿವರ್ ಎಂಬ ಹೆಸರಿನ ಮೇಲೆ ಯಾರ ಭಾರವೂ ಇಲ್ಲ.

ಅಗಸ್ಟೀನರ ಅಳತೆಯನ್ನು ಈಗ ಮತ್ತೆ ಕೈಗೆತ್ತಿಕೊಂಡರೆ ಮನಸ್ಸು ಕಳವಳಗೊಳ್ಳುತ್ತದೆ. ವಾದಕ್ಕಾಗಿ ಎಲ್ಲರನ್ನೂ ಸಜ್ಜನರೆಂದೇ ಭಾವಿಸೋಣ. ಅಂಗಿಗಳನ್ನು ಕೊಂಡಾಗ ಅವು ಚೆನ್ನಾಗಿಯೇ ಇದ್ದವು ಎಂದು ಹಡಗಿನ ಕಂಪನಿ ನಂಬಿತು. ಕಂಪನಿಯನ್ನು ನಂಬಿ ತಪಾಸಣೆಗಾರನು ರುಜು ಹಾಕಿದನು. ರುಜುವನ್ನು ನಂಬಿ ಕ್ಯಾಪ್ಟನ್ ಹಡಗು ಹೊರಡಿಸಿದನು. ಕ್ಯಾಪ್ಟನನ್ನು ನಂಬಿ ಸಭೆಯವರು ಹತ್ತಿದರು. ಮನಸ್ಸಿನಲ್ಲಿ ಒಂದನ್ನಿಟ್ಟುಕೊಂಡು ಮತ್ತೊಂದನ್ನು ಆಡಿದವರು ಈ ಸಾಲಿನಲ್ಲಿ ಒಬ್ಬರೂ ಇಲ್ಲ. ಆದರೂ ಸಾಲಿನ ಕೊನೆಯಲ್ಲಿ ಹಸಿ ಸುಳ್ಳೊಂದು ಮಗುವಿನ ಎದೆಗೆ ಬಿಗಿದುಕೊಂಡಿದೆ. ಆಡಿದವನಿಲ್ಲದೆ ಸುಳ್ಳು ಹುಟ್ಟಬಹುದೇ? ಹುಟ್ಟಬಹುದು ಎಂದೇ ನಾನು ಎಣಿಸುತ್ತೇನೆ. ಪ್ರತಿಯೊಬ್ಬನೂ ತಾನು ಕೇಳಿದ್ದನ್ನು ನೋಡದೆಯೇ ಮುಂದಕ್ಕೆ ದಾಟಿಸಿದರೆ ಸಾಕು. ಅಗಸ್ಟೀನರು ನಾಲಿಗೆಯ ಪಾಪವನ್ನು ಅಳೆದರು. ಇದು ಕಣ್ಣಿನ ಪಾಪ. ಇದಕ್ಕೆ ನಮ್ಮ ಭಾಷೆಯಲ್ಲಿ ಉಪೇಕ್ಷೆ ಎಂಬ ಮೃದುವಾದ ಶಬ್ದವೊಂದಿದೆ. ಅದೂ ಸ್ವಲ್ಪ ತಪ್ಪು ಹೆಸರೇ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮರೆಮಾಚಬಾರದು. ಎಲ್ಲವನ್ನೂ ಎಲ್ಲರೂ ಪರೀಕ್ಷಿಸುತ್ತಾ ಕುಳಿತರೆ ಬದುಕು ಸಾಗುವುದೇ? ಔಷಧದ ಅಂಗಡಿಯಲ್ಲಿ ಕೊಟ್ಟ ಮಾತ್ರೆಯನ್ನು ನಾವು ಒಡೆದು ನೋಡುತ್ತೇವೆಯೇ? ನಂಬಿಕೆಯಿಲ್ಲದೆ ಊರು ಕಟ್ಟಲಾಗದು. ಆ ತಾಯಂದಿರು ಅಂಗಿಯನ್ನು ಹರಿದು ನೋಡಬೇಕಿತ್ತೆಂದು ಹೇಳುವವನು ಕಲ್ಲೆದೆಯವನು. ಆದುದರಿಂದ ಹೊಣೆ ಎಲ್ಲರಿಗೂ ಸಮನಲ್ಲ. ನೋಡಲು ಅಧಿಕಾರವೂ ಬಿಡುವೂ ಸಂಬಳವೂ ಇದ್ದವನ ಮೇಲೆ ಅದು ಹೆಚ್ಚು. ನಂಬದೆ ಬೇರೆ ದಾರಿಯಿಲ್ಲದವನ ಮೇಲೆ ಇಲ್ಲವೇ ಇಲ್ಲ. ಆದರೆ ಲೋಕದ ನ್ಯಾಯ ಹೀಗೆ ನಡೆಯಲಿಲ್ಲ. ಕ್ಯಾಪ್ಟನ್ ವಿಲಿಯಂ ವ್ಯಾನ್ ಶೈಕ್‌ಗೆ 1906ರಲ್ಲಿ ಹತ್ತು ವರ್ಷಗಳ ಶಿಕ್ಷೆಯಾಯಿತು. ನಾವಿಕರಿಗೆ ಬೆಂಕಿಯ ತಾಲೀಮು ನಡೆಸಲಿಲ್ಲ, ಬೆಂಕಿ ಆರಿಸುವ ಸಾಧನಗಳನ್ನು ಸರಿಯಾಗಿ ಇಡಲಿಲ್ಲ ಎಂಬುದು ಅವನ ಅಪರಾಧ. ಮೂರೂವರೆ ವರ್ಷ ಸೆರೆಯಲ್ಲಿದ್ದು 1911ರಲ್ಲಿ ಹೊರಬಂದನು, 1912ರಲ್ಲಿ ಅಧ್ಯಕ್ಷ ಟಾಫ್ಟ್ ಅವನಿಗೆ ಕ್ಷಮಾದಾನ ನೀಡಿದರು. ಹಡಗಿನ ಒಡೆತನದ ಕಂಪನಿ ಅಲ್ಪ ದಂಡ ತೆತ್ತು ಪಾರಾಯಿತು. ಕ್ಯಾಪ್ಟನ್ ನಿರ್ದೋಷಿಯಲ್ಲ. ಆದರೆ ಹೊಸ ಅಂಗಿಗಳನ್ನು ಕೊಳ್ಳುವ ಹಣ ಅವನ ಕೈಯಲ್ಲಿರಲಿಲ್ಲ ಎಂಬುದೂ ಅಷ್ಟೇ ನಿಜ.

ಮುಂದಿನ ರಜೆಯಲ್ಲಿ ನಮ್ಮ ಭಾನುವಾರ ಶಾಲೆಯ ಮಕ್ಕಳೂ ಎಲ್ಲಿಗೋ ಪ್ರವಾಸ ಹೋಗುತ್ತಾರೆ. ಬಸ್ಸಿನ ಗಾಜಿನ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ದೋಣಿವಿಹಾರವಿದ್ದರೆ ಕಿತ್ತಳೆ ಬಣ್ಣದ ಅಂಗಿಗಳನ್ನು ಕೊಡುತ್ತಾರೆ. ದೇವಾಲಯದ ಸಭಾಭವನದ ಮೂಲೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರೊಂದು ತೂಗಿರುತ್ತದೆ, ಅದರ ಕೊರಳಿನಲ್ಲಿ ದಿನಾಂಕ ಬರೆದ ಒಂದು ಚೀಟಿ. ಆ ಚೀಟಿಯನ್ನು ಕಡೆಯ ಬಾರಿ ಓದಿದವರು ಯಾರೆಂದು ಸಭೆಯ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬರು ಕೇಳಿದರೆ ಅವರನ್ನು ಸಂಶಯಪ್ರಕೃತಿಯವರೆಂದು ತಳ್ಳಿಹಾಕದಿರಿ.

ಆ ಜರ್ಮನ್ ಬಡಾವಣೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ಹೆಂಡತಿ ಮಕ್ಕಳಿಲ್ಲದ ಬೀದಿಗಳಲ್ಲಿ ಇರಲಾರದೆ ಗಂಡಸರು ಒಬ್ಬೊಬ್ಬರಾಗಿ ಬೇರೆಡೆಗೆ ಹೋದರು. ಸಂತ ಮಾರ್ಕರ ದೇವಾಲಯದ ಕಟ್ಟಡ 1940ರಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರವಾಯಿತು. ಹಡಗಿನಲ್ಲಿದ್ದ ಆರು ತಿಂಗಳ ಹೆಣ್ಣುಮಗುವೊಂದು ಬದುಕಿ ಉಳಿದಿತ್ತು. ಅದರ ಇಬ್ಬರು ಅಕ್ಕಂದಿರು ತೀರಿಕೊಂಡಿದ್ದರು. ಮರುವರ್ಷ, 1905ರ ಜೂನಿನಲ್ಲಿ, ಕ್ವೀನ್ಸಿನ ಲೂಥರನ್ ಸ್ಮಶಾನದಲ್ಲಿ ಸ್ಮಾರಕವೊಂದನ್ನು ಅನಾವರಣಗೊಳಿಸಲು ಒಂದೂವರೆ ವರ್ಷದ ಆ ಮಗುವನ್ನೇ ಎತ್ತಿಕೊಂಡು ಬಂದರು. ಆಕೆ ನೂರು ವರ್ಷ ಬಾಳಿ 2004ರಲ್ಲಿ ತೀರಿಕೊಂಡರು. ಅಂದು ಆಕೆಯ ಪುಟ್ಟ ಕೈಯಿಂದ ಪರದೆ ಸರಿಸಿದ ಆ ಕಲ್ಲು, ಗುರುತು ಸಿಗದೆ ಹೋದ 61 ಮಂದಿಯ ಸಮಾಧಿಯ ಮೇಲಿನದು. ಅವರಲ್ಲಿ ಯಾರ ಹೆಸರನ್ನು ಎಲ್ಲಿ ಕೆತ್ತಬೇಕೆಂದು ಯಾರಿಗೂ ತಿಳಿದಿರಲಿಲ್ಲ.